ಒಂದೇ ತೂತು, ಹಲವು ತೇಪೆ: 2023ರ ವೆಬ್‌ಪಿ ಲೋಪ ಮತ್ತು ಆ್ಯಪ್‌ಗಳ ಒಳಗಿನ ಬ್ರೌಸರ್

2023ರ ಸೆಪ್ಟೆಂಬರ್ 11ರಂದು ಗೂಗಲ್ ಕ್ರೋಮ್‌ಗೆ ಒಂದು ತುರ್ತು ಅಪ್‌ಡೇಟ್ ಬಿಟ್ಟಿತು. ಆವೃತ್ತಿ 116.0.5845.187. ಭದ್ರತಾ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಒಂದು ಲೋಪ: ವೆಬ್‌ಪಿ ಎಂಬ ಮಾದರಿಯ ಚಿತ್ರದ ಫೈಲನ್ನು ಬಿಡಿಸಿ ಓದುವಾಗ (ಡಿಕೋಡ್ ಮಾಡುವಾಗ) ಮೀಸಲಿಟ್ಟ ಮೆಮೊರಿಯನ್ನು ಮೀರಿ ಬರೆಯುವ ಸಾಧ್ಯತೆ. ಇದನ್ನು ಬಳಸಿಕೊಂಡ ದಾಳಿ ಈಗಾಗಲೇ ಚಾಲ್ತಿಯಲ್ಲಿದೆ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಲೋಪಕ್ಕೆ ಕೊಟ್ಟ ಗುರುತಿನ ಸಂಖ್ಯೆ ಸಿವಿಇ-2023-4863.

ಕ್ರೋಮ್ ಬಳಸುವವರ ಪಾಲಿಗೆ ಕೆಲಸ ಸುಲಭವಿತ್ತು. ಬ್ರೌಸರ್ ಮುಚ್ಚಿ ಮತ್ತೆ ತೆರೆದರೆ ಆಯಿತು. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಸ್ಲ್ಯಾಕ್, ಡಿಸ್ಕಾರ್ಡ್, ಸಿಗ್ನಲ್, ವಿಎಸ್ ಕೋಡ್ ಇದ್ದರೆ? ನೋಡಲು ಬ್ರೌಸರ್‌ನಂತಿಲ್ಲದ ಈ ಪ್ರತಿಯೊಂದು ಆ್ಯಪ್‌ನ ಹೊಟ್ಟೆಯಲ್ಲೂ ಕ್ರೋಮ್‌ನ ತಾಯಿಬೇರಾದ ಕ್ರೋಮಿಯಂನ ಪೂರ್ತಿ ಪ್ರತಿಯೊಂದಿದೆ. ಕ್ರೋಮ್‌ಗೆ ಬಂದ ಅಪ್‌ಡೇಟ್ ಅವುಗಳ ಹತ್ತಿರವೂ ಸುಳಿಯಲಿಲ್ಲ.

ಈ ಪ್ರಕರಣವನ್ನು ಹೆಚ್ಚಿನವರು ಭದ್ರತಾ ಸುದ್ದಿಯಾಗಿ ಓದಿ ಮರೆತರು. ಡೆಸ್ಕ್‌ಟಾಪ್ ಆ್ಯಪ್‌ನೊಳಗಿನ ಬ್ರೌಸರ್‌ಗೂ ಮೊಬೈಲ್ ಆ್ಯಪ್‌ನೊಳಗಿನ ಬ್ರೌಸರ್‌ಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಯಾವುದರಲ್ಲಿ ನೋಟಿಫಿಕೇಶನ್ ಬರುತ್ತದೆ, ಯಾವುದರಲ್ಲಿ ಕುಕಿ ಬೇರೆ ಇರುತ್ತದೆ ಎಂಬ ಪಟ್ಟಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಒಳಗಿನ ಬ್ರೌಸರ್ ಯಾರದು, ಅದನ್ನು ದುರಸ್ತಿ ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಬೆಳಕಿಗೆ ಬಂದ ಬಗೆ

ಲೋಪವನ್ನು ಗೂಗಲ್‌ಗೆ ತಿಳಿಸಿದವರು ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್. ತಿಳಿಸಿದ ದಿನ ಸೆಪ್ಟೆಂಬರ್ 6. ಮರುದಿನವೇ ಆಪಲ್ ಐಒಎಸ್ 16.6.1 ಬಿಡುಗಡೆ ಮಾಡಿತು. ವಾಷಿಂಗ್ಟನ್ ಮೂಲದ ನಾಗರಿಕ ಸಂಘಟನೆಯೊಂದರ ಉದ್ಯೋಗಿಯ ಐಫೋನ್‌ಗೆ ಎನ್‌ಎಸ್‌ಒ ಗ್ರೂಪ್‌ನ ಪೆಗಾಸಸ್ ಬೇಹುತಂತ್ರಾಂಶ ಸೇರಿಸಲು ಯತ್ನ ನಡೆದಿತ್ತೆಂದು ಸಿಟಿಜನ್ ಲ್ಯಾಬ್ ಅದೇ ದಿನ ಪ್ರಕಟಿಸಿತು. ಬಳಕೆದಾರ ಏನನ್ನೂ ಒತ್ತಬೇಕಿರಲಿಲ್ಲ. ಐಮೆಸೇಜ್‌ನಲ್ಲಿ ಬಂದ ಲಗತ್ತಿನೊಳಗಿನ ಚಿತ್ರವೇ ಸಾಕಿತ್ತು.

ಆಪಲ್ ತನ್ನ ದೋಷಕ್ಕೆ ಬೇರೆ ಸಂಖ್ಯೆ ಕೊಟ್ಟಿತು, ಸಿವಿಇ-2023-41064. ನಾಲ್ಕು ದಿನ ಬಿಟ್ಟು ಗೂಗಲ್ ಮತ್ತೊಂದು ಸಂಖ್ಯೆ ಕೊಟ್ಟಿತು. ಎರಡರ ಬೇರೂ ಲಿಬ್‌ವೆಬ್‌ಪಿ ಎಂಬ ಒಂದೇ ಲೈಬ್ರರಿಯಲ್ಲಿದೆ (ಹಲವು ತಂತ್ರಾಂಶಗಳು ಎತ್ತಿ ಬಳಸುವ ಸಿದ್ಧ ಕೋಡ್‌ನ ಕಟ್ಟು) ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದದ್ದು ಆಮೇಲೆ.

ಲಿಬ್‌ವೆಬ್‌ಪಿ ಗೂಗಲ್‌ನದೇ ಕೂಸು. ವೆಬ್‌ಪಿ ಚಿತ್ರಮಾದರಿಯನ್ನು ಗೂಗಲ್ 2010ರಲ್ಲಿ ಪ್ರಕಟಿಸಿತು. ಅದನ್ನು ಓದಿ ಬರೆಯುವ ಈ ಮುಕ್ತ ಲೈಬ್ರರಿಯನ್ನು ಬ್ರೌಸರ್‌ಗಳು, ಆಪರೇಟಿಂಗ್ ಸಿಸ್ಟಂಗಳು, ಫೋಟೊ ತಂತ್ರಾಂಶಗಳು ಎಲ್ಲವೂ ಎತ್ತಿಕೊಂಡವು. ಚಿತ್ರದ ಗುಣಮಟ್ಟ ಕುಂದದಂತೆ ಕುಗ್ಗಿಸುವ ಬಗೆಯಲ್ಲಿ ಅದು ಹಫ್‌ಮನ್ ಸಂಕೇತಗಳನ್ನು ಬಳಸುತ್ತದೆ: ಹೆಚ್ಚು ಸಲ ಬರುವ ಬೆಲೆಗೆ ಕಡಿಮೆ ಬಿಟ್, ಅಪರೂಪದ್ದಕ್ಕೆ ಹೆಚ್ಚು ಬಿಟ್, ಗರಿಷ್ಠ 15. ಯಾವ ಬೆಲೆಗೆ ಎಷ್ಟು ಬಿಟ್ ಎಂಬ ವಿವರ ಚಿತ್ರದ ಫೈಲ್‌ನಲ್ಲೇ ಇರುತ್ತದೆ. ಬಿಡಿಸುವ ಕೋಡ್ ಆ ವಿವರ ಓದಿ ಮೊದಲು ಒಂದು ಕೋಷ್ಟಕ ಕಟ್ಟಿಕೊಳ್ಳುತ್ತದೆ. ಮೊದಲ 8 ಬಿಟ್‌ಗಳಿಗೆ ಒಂದು ಹಂತ. ಅದಕ್ಕೂ ಉದ್ದದ ಸಂಕೇತಗಳಿಗೆ ಎರಡನೇ ಹಂತದ ಕಿರುಕೋಷ್ಟಕಗಳು.

ಕೋಷ್ಟಕಕ್ಕೆ ಎಷ್ಟು ಜಾಗ ಬೇಕಾದೀತು ಎಂದು ಲೈಬ್ರರಿ ಬರೆದವರು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಸರಳ ಸಂದರ್ಭದಲ್ಲಿ ಒಂದು ಗುಂಪು ಕೋಷ್ಟಕಗಳಿಗೆ 2954 ನಮೂದು. ಸರಿಯಾದ ಸಂಕೇತ ಎಷ್ಟೇ ವಿಚಿತ್ರವಾಗಿದ್ದರೂ ಇದನ್ನು ದಾಟದು, ಲೆಕ್ಕ ತಪ್ಪಿರಲಿಲ್ಲ. ತೊಡಕು ಎಲ್ಲಿತ್ತೆಂದರೆ, ಫೈಲ್‌ನಲ್ಲಿರುವ ಸಂಕೇತ ಸರಿಯಾದದ್ದೇ ಎಂಬ ಪರೀಕ್ಷೆ ನಡೆಯುತ್ತಿದ್ದದ್ದು ಕೋಷ್ಟಕಕ್ಕೆ ಬರೆದು ಮುಗಿಸಿದ ಮೇಲೆ. ಬೇಕೆಂದೇ ಕೆಡಿಸಿದ ಬಿಟ್ ಉದ್ದಗಳನ್ನು ಕೊಟ್ಟರೆ ಎರಡನೇ ಹಂತದ ಕೋಷ್ಟಕಗಳು ಮೀಸಲು ಜಾಗದ ಆಚೆಗೆ ಹರಿಯುತ್ತಿದ್ದವು. ‘ಇದು ತಪ್ಪು ಫೈಲ್’ ಎಂದು ಕೋಡ್ ಹೇಳುವ ಹೊತ್ತಿಗೆ ಪಕ್ಕದ ಮೆಮೊರಿ ಕೆಟ್ಟಿರುತ್ತಿತ್ತು.

ತಿದ್ದುಪಡಿ ಲಿಬ್‌ವೆಬ್‌ಪಿ 1.3.2ರಲ್ಲಿ ಬಂತು. ಬದಲಾದ ಸಾಲುಗಳು ಹೆಚ್ಚೇನಲ್ಲ. ಅವು ಯಾರ ಯಾರ ಮನೆಗೆ ಯಾವ ದಾರಿಯಲ್ಲಿ ತಲುಪಬೇಕಿತ್ತು ಎಂಬುದೇ ಇಲ್ಲಿಂದ ಮುಂದಿನ ಕಥೆ.

ಡೆಸ್ಕ್‌ಟಾಪ್‌ನಲ್ಲಿ

ಡೆಸ್ಕ್‌ಟಾಪ್ ಆ್ಯಪ್‌ಗಳು ಬ್ರೌಸರನ್ನು ಹೊಟ್ಟೆಯಲ್ಲಿ ಹೊತ್ತು ತಿರುಗುವುದಕ್ಕೆ ಹಿನ್ನೆಲೆಯಿದೆ. ಮೊದಲು ವಿಂಡೋಸ್‌ನಲ್ಲೂ ಹಂಚಿಕೆಯ ಬ್ರೌಸರ್ ಇತ್ತು: ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ವೆಬ್‌ಬ್ರೌಸರ್ ಕಂಟ್ರೋಲ್. ಯಾವ ಆ್ಯಪ್ ಬೇಕಾದರೂ ಅದನ್ನು ತನ್ನ ಕಿಟಕಿಯೊಳಗೆ ಕೂರಿಸಿಕೊಳ್ಳಬಹುದಿತ್ತು. ಆದರೆ ಗಿರಾಕಿಯ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆಯೋ ಗೊತ್ತಿಲ್ಲ. ಐಇ 11 ಇದ್ದರೂ ರಿಜಿಸ್ಟ್ರಿಯಲ್ಲಿ ಆ್ಯಪ್‌ನ ಹೆಸರು ಬರೆದು ಹೇಳದ ಹೊರತು ಅದು ಐಇ 7ರಂತೆ ಪುಟ ತೋರಿಸುತ್ತಿತ್ತು. ಆ ಕಾಲದಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆದವರನ್ನು ಕೇಳಿ, ಅರ್ಧ ದಿನ ಶಪಿಸುತ್ತಾರೆ.

ಇದಕ್ಕೆ ಬೇಸತ್ತವರಿಗೆ 2008ರಲ್ಲಿ ಶುರುವಾದ ಸಿಇಎಫ್, ಅಂದರೆ ಕ್ರೋಮಿಯಂ ಎಂಬೆಡೆಡ್ ಫ್ರೇಮ್‌ವರ್ಕ್, ವರದಾನವಾಯಿತು. ಸ್ಪಾಟಿಫೈ, ಸ್ಟೀಮ್ ಮೊದಲಾದವು ಅದನ್ನೇ ಹಿಡಿದವು. 2013ರಲ್ಲಿ ಗಿಟ್‌ಹಬ್ ತನ್ನ ಆಟಮ್ ಎಡಿಟರ್‌ಗಾಗಿ ಆಟಮ್ ಶೆಲ್ ಕಟ್ಟಿತು. 2015ರಲ್ಲಿ ಅದರ ಹೆಸರು ಎಲೆಕ್ಟ್ರಾನ್ ಆಯಿತು. ಕ್ರೋಮಿಯಂ, ಮತ್ತು ಕಂಪ್ಯೂಟರಿನ ಫೈಲ್‌ಗಳನ್ನೂ ಮುಟ್ಟಬಲ್ಲಂತೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್, ಎರಡನ್ನೂ ಗಂಟು ಕಟ್ಟಿ ಆ್ಯಪ್ ಜೊತೆಗೇ ಕೊಡುವುದು ಇದರ ರೀತಿ. ಪುಟ್ಟ ನೋಟ್‌ಪ್ಯಾಡ್ ಬರೆದರೂ ನೂರು ಎಂಬಿ ದಾಟುತ್ತದೆ. ಅದಕ್ಕೆ ಪ್ರತಿಯಾಗಿ, ತನ್ನ ಮೇಜಿನ ಮೇಲೆ ಕಂಡದ್ದೇ ಗಿರಾಕಿಯ ಪರದೆಯಲ್ಲೂ ಕಾಣುತ್ತದೆ ಎಂಬ ಭರವಸೆ ಡೆವಲಪರ್‌ಗೆ ಸಿಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಈ ಭರವಸೆಗೆ ಬೆಲೆ ಕಟ್ಟಬೇಕಾಯಿತು. ಕ್ರೋಮಿಯಂನಲ್ಲಿ ತಿದ್ದುಪಡಿ ಬಂದ ಮೇಲೆ ಎಲೆಕ್ಟ್ರಾನ್ ತಂಡ ಅದನ್ನು ತನ್ನ ಚಾಲ್ತಿ ಆವೃತ್ತಿ ಸಾಲುಗಳಿಗೆಲ್ಲ ಹಾಕಿತು: 22.3.24, 24.8.3, 25.8.1, 26.2.1, ಜೊತೆಗೆ 27ರ ಬೀಟಾ. ಅವರು ಬೇಗವೇ ಮಾಡಿದರು, ತಕರಾರಿಲ್ಲ. ಆದರೆ ಅದು ಸರಪಣಿಯ ಒಂದು ಕೊಂಡಿ ಮಾತ್ರ. ಪ್ರತಿ ಆ್ಯಪ್ ತಂಡವೂ ಹೊಸ ಎಲೆಕ್ಟ್ರಾನ್ ಎಳೆದುಕೊಂಡು, ಕಟ್ಟಿ, ಪರೀಕ್ಷಿಸಿ, ಸಹಿ ಹಾಕಿ, ವಿಂಡೋಸ್‌ಗೊಂದು, ಮ್ಯಾಕ್‌ಗೊಂದು, ಲಿನಕ್ಸ್‌ಗೊಂದು ಹೊರಡಿಸಬೇಕು. ಆಮೇಲೆ ಬಳಕೆದಾರ ಆ್ಯಪನ್ನು ಮುಚ್ಚಿ ತೆರೆಯಬೇಕು. ಚಾಟ್ ಆ್ಯಪ್ ಮುಚ್ಚುವವರು ಯಾರು? ವಾರಗಟ್ಟಲೆ ಅದು ಕೆಳಗಿನ ಮೂಲೆಯಲ್ಲಿ ಓಡುತ್ತಲೇ ಇರುತ್ತದೆ. ಅಪರಿಚಿತರು ಚಿತ್ರ ಕಳುಹಿಸಬಹುದಾದ ಜಾಗವೂ ಅದೇ.

ದೊಡ್ಡ ಕಂಪನಿಗಳ ಒಳಗೂ ವೇಗ ಒಂದೇ ಇರಲಿಲ್ಲ. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್‌ಗೆ ಸೆಪ್ಟೆಂಬರ್ 12ರಂದೇ ತಿದ್ದುಪಡಿ ಬಂತು. ಡೆಸ್ಕ್‌ಟಾಪ್ ಟೀಮ್ಸ್, ಸ್ಕೈಪ್ ಮತ್ತು ವೆಬ್‌ಪಿ ಇಮೇಜ್ ಎಕ್ಸ್‌ಟೆನ್ಶನ್‌ಗಳನ್ನು ಹೆಸರಿಸಿದ ಪ್ರಕಟಣೆ ಹೊರಬಿದ್ದದ್ದು ಅಕ್ಟೋಬರ್ 2ರಂದು.

ತನ್ನ ಆ್ಯಪ್ ಸರಿಯಾಗಿದೆಯೇ ಎಂದು ಬಳಕೆದಾರ ನೋಡಿಕೊಳ್ಳುವುದಾದರೂ ಹೇಗೆ? ವಿಎಸ್ ಕೋಡ್‌ನಲ್ಲಿ ಹೆಲ್ಪ್ ಮೆನುವಿನ ಅಬೌಟ್ ಒತ್ತಿದರೆ ಎಲೆಕ್ಟ್ರಾನ್, ಕ್ರೋಮಿಯಂ, ನೋಡ್ ಜೆಎಸ್ ಮೂರರ ಆವೃತ್ತಿಯೂ ಕಾಣುತ್ತದೆ. ಅಷ್ಟು ಮರ್ಯಾದೆ ಎಲ್ಲ ಆ್ಯಪ್‌ಗಳೂ ತೋರಿಸುವುದಿಲ್ಲ. ಕಂಡರೂ ಒಂದು ಮೋಸವಿದೆ. ಎಲೆಕ್ಟ್ರಾನ್ 25ರೊಳಗೆ ಇರುವುದು ಕ್ರೋಮಿಯಂ 114, 22ರೊಳಗೆ 108. ತಂಡ ಆ ಹಳೆಯ ಕ್ರೋಮಿಯಂಗೇ ತೇಪೆ ಹಾಕಿದ್ದರಿಂದ, ತೂತು ಮುಚ್ಚಿದ ಮೇಲೂ ಅಲ್ಲಿ 114 ಅಂತಲೇ, 108 ಅಂತಲೇ ಕಾಣುತ್ತದೆ. ‘116.0.5845.187ಕ್ಕಿಂತ ಹಳತಾಗಿದ್ದರೆ ಅಪಾಯ’ ಎಂಬ ಸುದ್ದಿ ಓದಿ ಅಬೌಟ್ ತೆರೆದವನಿಗೆ ಸರಿಯಾಗಿರುವ ಆ್ಯಪ್ ಕೂಡ ಅಪಾಯದಲ್ಲಿರುವಂತೆ ತೋರುತ್ತದೆ. ನೋಡಬೇಕಾದದ್ದು ಎಲೆಕ್ಟ್ರಾನ್‌ನ ಪೂರ್ತಿ ಆವೃತ್ತಿ ಸಂಖ್ಯೆ. ಈ ಗುಟ್ಟು ಗೊತ್ತಿದ್ದದ್ದು ಡೆವಲಪರ್‌ಗಳಿಗೆ ಮಾತ್ರ.

ಫೋನ್‌ನಲ್ಲಿ

ಆಂಡ್ರಾಯ್ಡ್‌ನಲ್ಲಿ ಆ್ಯಪ್ ತನ್ನದೇ ಬ್ರೌಸರ್ ಹೊತ್ತು ತರುವುದು ಅಪರೂಪ. ‘ಇಲ್ಲೊಂದು ವೆಬ್‌ವ್ಯೂ (ಆ್ಯಪ್‌ನೊಳಗೇ ವೆಬ್ ಪುಟ ತೋರಿಸುವ ಬ್ರೌಸರ್ ಭಾಗ) ಬೇಕು’ ಎಂದು ಸಿಸ್ಟಂ ಅನ್ನು ಕೇಳುತ್ತದೆ, ಅದು ತನ್ನಲ್ಲಿರುವುದನ್ನು ಕೊಡುತ್ತದೆ. ಬ್ಯಾಂಕ್ ಆ್ಯಪ್‌ನ ಷರತ್ತುಗಳ ಪುಟ, ಬಸ್ ಟಿಕೆಟ್ ಆ್ಯಪ್‌ನ ಪಾವತಿ ಪುಟ, ಸುದ್ದಿ ಆ್ಯಪ್‌ನೊಳಗೆ ತೆರೆಯುವ ಲೇಖನ ಎಲ್ಲಕ್ಕೂ ಹೆಚ್ಚಾಗಿ ಅದೊಂದೇ. ಡೆಸ್ಕ್‌ಟಾಪ್‌ನದು ಮನೆಗೊಂದು ಬೋರ್‌ವೆಲ್ ಆದರೆ ಇದು ಊರಿಗೊಂದೇ ಓವರ್‌ಹೆಡ್ ಟ್ಯಾಂಕ್.

ಈ ಟ್ಯಾಂಕ್ ಮೊದಲಿಂದಲೂ ಚೊಕ್ಕವಾಗಿತ್ತು ಅಂದುಕೊಳ್ಳಬೇಡಿ. ಆಂಡ್ರಾಯ್ಡ್ 4.3ರ ತನಕ ವೆಬ್‌ವ್ಯೂ ವೆಬ್‌ಕಿಟ್ (ಆಪಲ್‌ನ ಸಫಾರಿಯೊಳಗಿನ ಬ್ರೌಸರ್ ಎಂಜಿನ್) ಆಧಾರಿತವಾಗಿತ್ತು, ಆಪರೇಟಿಂಗ್ ಸಿಸ್ಟಂನ ಭಾಗವಾಗಿತ್ತು. ಫೋನ್ ಕಂಪನಿ ಸಿಸ್ಟಂ ಅಪ್‌ಡೇಟ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕನ್ನಡಿಗರಿಗೆ ಆ ಕಾಲದ ಇನ್ನೊಂದು ಮುಖ ನೆನಪಿರಬಹುದು. ಆಂಡ್ರಾಯ್ಡ್ ಅಧಿಕೃತವಾಗಿ ಕನ್ನಡ ಬೆಂಬಲ ಸೇರಿಸಿದ್ದು 2012ರ 4.1 ಜೆಲ್ಲಿ ಬೀನ್‌ನಲ್ಲಿ. ಅದಕ್ಕೂ ಹಳೆಯ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಪುಟ ತೆರೆದರೆ ಚೌಕಗಳ ಸಾಲು ಕಾಣುತ್ತಿತ್ತು, ಆ್ಯಪ್ ಬರೆದವರು ಪ್ರತಿ ಪುಟದ ಜೊತೆ ಫಾಂಟ್ ಕಟ್ಟಿ ಕಳುಹಿಸಲು ಒದ್ದಾಡುತ್ತಿದ್ದರು. ವೆಬ್‌ವ್ಯೂ ಸಿಸ್ಟಂನ ಸೊತ್ತು. ಸಿಸ್ಟಂಗೆ ಬಾರದ ಲಿಪಿ ಅದಕ್ಕೂ ಬಾರದು.

4.4 ಕಿಟ್‌ಕ್ಯಾಟ್‌ನಲ್ಲಿ ವೆಬ್‌ವ್ಯೂ ಕ್ರೋಮಿಯಂಗೆ ಬದಲಾಯಿತು. ನಿಜವಾದ ತಿರುವು ಬಂದದ್ದು 2014ರ 5.0 ಲಾಲಿಪಾಪ್‌ನಲ್ಲಿ: ವೆಬ್‌ವ್ಯೂ ಸಿಸ್ಟಂನಿಂದ ಬೇರೆಯಾಗಿ, ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುವ ಪೊಟ್ಟಣವಾಯಿತು. ಹಳೆಯ ಫೋನ್‌ಗಳು ಹಿಂದೆ ಉಳಿದವು. 2015ರ ಜನವರಿಯಲ್ಲಿ ರ‍್ಯಾಪಿಡ್‌7 ಸಂಸ್ಥೆಯ ಟಾಡ್ ಬೇರ್ಡ್ಸ್‌ಲಿ, 4.3 ಮತ್ತು ಅದಕ್ಕಿಂತ ಹಳೆಯ ವೆಬ್‌ವ್ಯೂಗೆ ಗೂಗಲ್ ಇನ್ನು ತಾನಾಗಿ ತೇಪೆ ಬರೆಯುವುದಿಲ್ಲ ಎಂಬುದನ್ನು ಬಯಲು ಮಾಡಿದಾಗ ದೊಡ್ಡ ಗದ್ದಲವೇ ಎದ್ದಿತ್ತು. ಆಗ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥವೇ ಇದ್ದವು.

2023ಕ್ಕೆ ಬರುವ ಹೊತ್ತಿಗೆ ಏರ್ಪಾಡು ನೆಲೆ ಕಂಡಿತ್ತು. ಆಂಡ್ರಾಯ್ಡ್ 7ರಿಂದ 9ರವರೆಗೆ ಕ್ರೋಮ್ ಆ್ಯಪೇ ವೆಬ್‌ವ್ಯೂ ಒದಗಿಸುತ್ತದೆ; 10ರಿಂದ ಮತ್ತೆ ಬೇರೆ ಪೊಟ್ಟಣ, ಒಳಗಿನ ಕೋಡ್ ಮಾತ್ರ ಕ್ರೋಮ್‌ನೊಂದಿಗೆ ಹಂಚಿಕೆ. ಡೆವಲಪರ್ ಆಯ್ಕೆಗಳಿಗೆ ಹೋಗಿ ‘ವೆಬ್‌ವ್ಯೂ ಇಂಪ್ಲಿಮೆಂಟೇಶನ್’ ಒತ್ತಿದರೆ ಈಗ ಯಾವುದು ಓಡುತ್ತಿದೆ, ಅದರ ಆವೃತ್ತಿ ಏನು ಎಂದು ಕಾಣುತ್ತದೆ. ಪ್ಲೇ ಸ್ಟೋರ್‌ನಿಂದ ಆ ಒಂದು ಪೊಟ್ಟಣ ಬಂದು ಕೂತ ಕೂಡಲೇ ಅದನ್ನು ಬಳಸುವ ಎಲ್ಲ ಆ್ಯಪ್‌ಗಳ ಒಳಗಿನ ತೂತೂ ಮುಚ್ಚಿತು. ಬ್ಯಾಂಕ್‌ನವರು ಏನೂ ಮಾಡಬೇಕಿರಲಿಲ್ಲ. ಅವರಿಗೆ ವಿಷಯ ಗೊತ್ತೂ ಆಗದೆ ಹೋಗಿರಬಹುದು.

ಐಫೋನ್‌ನದು ಇನ್ನೂ ಬಿಗಿ. 2014ರ ಐಒಎಸ್ 8ರಲ್ಲಿ ಬಂದ ಡಬ್ಲ್ಯುಕೆ ವೆಬ್‌ವ್ಯೂ ಬಿಟ್ಟರೆ ಆ್ಯಪ್‌ಗಳಿಗೆ ಬೇರೆ ದಾರಿ ಇರಲಿಲ್ಲ. ವೆಬ್ ತೋರಿಸುವ ಆ್ಯಪ್‌ಗಳೆಲ್ಲ ವೆಬ್‌ಕಿಟ್ಟೇ ಬಳಸಬೇಕೆಂಬುದು ಆ್ಯಪ್ ಸ್ಟೋರ್‌ನ ನಿಯಮವಾಗಿತ್ತು. ಐರೋಪ್ಯ ಒಕ್ಕೂಟದಲ್ಲಿ ಇದು ಸಡಿಲವಾದದ್ದು 2024ರ ಐಒಎಸ್ 17.4ರಲ್ಲಿ. ಐಫೋನ್‌ನ ಕ್ರೋಮ್ ಕೂಡ ಒಳಗೆ ವೆಬ್‌ಕಿಟ್ಟೇ. ಈ ಬ್ರೌಸರ್‌ಗೆ ಅಪ್‌ಡೇಟ್ ಬರುವುದು ಸಿಸ್ಟಂ ಜೊತೆ ಮಾತ್ರ. 16.6.1 ಹಾಕಿಕೊಂಡವರಿಗೆ ಚಿತ್ರ ಬಿಡಿಸುವ ಕೋಡ್ ಸಿಸ್ಟಂನೊಳಗೇ ಸರಿಯಾಯಿತು; ಐಫೋನ್ 6ಎಸ್‌ನಂಥ ಹಳೆಯ ಮಾದರಿಗಳಿಗೆ ಸೆಪ್ಟೆಂಬರ್ 11ರಂದು 15.7.9 ಬಂತು.

ಮೊಬೈಲ್ ಪೂರ್ತಿ ಗೆದ್ದಿತೇ?

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆಂದವಾಗಿರುತ್ತದೆ, ನಿಜವಾಗಿರುವುದಿಲ್ಲ. ಆಂಡ್ರಾಯ್ಡ್ ಚಾಟ್ ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಸಾಮಾನ್ಯವಾಗಿ ವೆಬ್‌ವ್ಯೂ ಬಿಡಿಸುವುದೇ ಇಲ್ಲ. ಆ್ಯಪ್ ಆ ಕೆಲಸವನ್ನು ಆಂಡ್ರಾಯ್ಡ್‌ನ ಚಿತ್ರ ಸೌಲಭ್ಯಕ್ಕೆ ಒಪ್ಪಿಸುತ್ತದೆ, ಅದರೊಳಗೂ ಲಿಬ್‌ವೆಬ್‌ಪಿ ಇದೆ. ಅದು ಪ್ಲೇ ಸ್ಟೋರ್ ಪೊಟ್ಟಣದಲ್ಲಿಲ್ಲ, ಸಿಸ್ಟಂನಲ್ಲಿದೆ. ಅದರ ತಿದ್ದುಪಡಿ ಬಂದದ್ದು 2023ರ ಅಕ್ಟೋಬರ್ ತಿಂಗಳ ಆಂಡ್ರಾಯ್ಡ್ ಭದ್ರತಾ ಪ್ರಕಟಣೆಯಲ್ಲಿ. ಅಲ್ಲಿಂದ ಮುಂದೆ ಪ್ರತಿ ಫೋನ್ ಕಂಪನಿಯ ಮರ್ಜಿ. ಇನ್ನು ಗೂಗಲ್‌ನ ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ಬರೆದ ಆ್ಯಪ್‌ಗಳು ತಮ್ಮ ಎಂಜಿನ್ ಜೊತೆಗೇ ಲಿಬ್‌ವೆಬ್‌ಪಿ ಹೊತ್ತು ತರುತ್ತವೆ, ಥೇಟ್ ಎಲೆಕ್ಟ್ರಾನ್‌ನಂತೆ. ಅವನ್ನು ಮತ್ತೆ ಕಟ್ಟಿ ಸ್ಟೋರ್‌ಗೆ ಏರಿಸಬೇಕಾಯಿತು. ಅಂದರೆ ಫೋನ್‌ನಲ್ಲಿ ಮೊದಲು ಸರಿಹೋದದ್ದು ಬ್ರೌಸರ್ ಭಾಗ, ಉಳಿದದ್ದು ಹಿಂದಿನಿಂದ ತೆವಳಿಕೊಂಡು ಬಂತು. ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿ ಬ್ರೌಸರ್ ಭಾಗವೇ ಹಿಂದೆ ಬಿದ್ದಿತ್ತು.

ಹಂಚಿಕೆಯ ಬ್ರೌಸರ್‌ಗೆ ಅದರದೇ ಗಂಡಾಂತರವೂ ಇದೆ. 2021ರ ಮಾರ್ಚ್ 22 ಮತ್ತು 23ರ ನಡುವೆ ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನ್‌ಗಳಲ್ಲಿ ಜಿಮೇಲ್ ಸೇರಿದಂತೆ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಜನ ಆ್ಯಪ್ ತೆಗೆದು ಹಾಕಿದರು, ಫೋನ್ ರೀಸ್ಟಾರ್ಟ್ ಮಾಡಿದರು, ಏನೂ ಆಗಲಿಲ್ಲ. ತಪ್ಪು ಆ ಆ್ಯಪ್‌ಗಳದ್ದಾಗಿರಲಿಲ್ಲ. ಕ್ರೋಮ್ ಮತ್ತು ವೆಬ್‌ವ್ಯೂಗೆ ಪ್ರಯೋಗಾತ್ಮಕ ಸೆಟ್ಟಿಂಗ್ ಕಳುಹಿಸುವ ವ್ಯವಸ್ಥೆಯಲ್ಲಿನ ದೋಷ ಅದೆಂದು ಗೂಗಲ್ ಆಮೇಲೆ ಹೇಳಿತು. ವೆಬ್‌ವ್ಯೂನ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿದವರ ಫೋನ್ ತಕ್ಷಣ ಸರಿಹೋಯಿತು, ಉಳಿದವರು ಹೊಸ ಆವೃತ್ತಿಗೆ ಕಾದರು. ಆ್ಯಪ್ ಬರೆದವರು ತಮ್ಮ ಒಂದು ಸಾಲನ್ನೂ ಮುಟ್ಟದೆ ಒಂದು ದಿನ ಬೈಗುಳ ತಿಂದರು. ಎಲೆಕ್ಟ್ರಾನ್ ಪ್ರಪಂಚದಲ್ಲಿ ಹೀಗಾಗುವುದು ಕಷ್ಟ. ಅಲ್ಲಿ ಯಾರೋ ಒಬ್ಬರು ಗುಂಡಿ ಒತ್ತಿದರೆ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಬೀಳುವುದಿಲ್ಲ, ಹಾಗೆಯೇ ಒಟ್ಟಿಗೆ ಏಳುವುದೂ ಇಲ್ಲ.

ಎರಡರ ನಡುವೆ ನನ್ನನ್ನು ಆರಿಸು ಎಂದರೆ ನಾನು ಹಂಚಿಕೆಯದನ್ನೇ ಆರಿಸುತ್ತೇನೆ. ಒಂದು ದಿನದ ಕ್ರ್ಯಾಷ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಯಾರಾದರೂ ಸರಿಪಡಿಸುತ್ತಾರೆ. ಆ್ಯಪ್ ಒಳಗೆ ಹಳಸಿ ಕೂತ ಬ್ರೌಸರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ತೂತಿನೊಳಗೆ ನುಗ್ಗಿದವನಿಗೆ ಸಿಗುವುದೇನು ಎಂಬುದರಲ್ಲೂ ಅಂತರವಿದೆ. ಆಂಡ್ರಾಯ್ಡ್ 8ರಿಂದ ವೆಬ್‌ವ್ಯೂ ಪುಟಗಳನ್ನು ಆ್ಯಪ್‌ನಿಂದ ಬೇರೆಯಾದ, ಕೈಕಟ್ಟಿದ ಪ್ರೊಸೆಸ್‌ನಲ್ಲಿ ಓಡಿಸುತ್ತದೆ. ಅದನ್ನೂ ದಾಟಿದರೆ ಸಿಗುವುದು ಆ ಒಂದು ಆ್ಯಪ್‌ನ ಸಾಮಾನು. ಡಬ್ಲ್ಯುಕೆ ವೆಬ್‌ವ್ಯೂ ಕೂಡ ಬೇರೆ ಪ್ರೊಸೆಸ್‌ನಲ್ಲೇ ಓಡುತ್ತದೆ. ಎಲೆಕ್ಟ್ರಾನ್‌ನಲ್ಲಿ ಇಂಥ ಸ್ಯಾಂಡ್‌ಬಾಕ್ಸ್ ತಾನಾಗಿ ಚಾಲೂ ಆದದ್ದು 2022ರ 20ನೇ ಆವೃತ್ತಿಯಿಂದ. ಅದಕ್ಕೂ ಹಳೆಯ, ಪುಟಕ್ಕೇ ನೋಡ್ ಜೆಎಸ್ ಬಾಗಿಲು ತೆರೆದಿಟ್ಟ ಆ್ಯಪ್‌ಗಳಲ್ಲಿ ಒಂದು ಕೆಟ್ಟ ಚಿತ್ರಕ್ಕೆ ಬಳಕೆದಾರನ ಫೈಲ್‌ಗಳೆಲ್ಲ ಕೈಗೆಟುಕುತ್ತವೆ.

ಗೊಂದಲ ಹೆಚ್ಚಿಸಿದ ಸಂಖ್ಯೆ

ಡೆಸ್ಕ್‌ಟಾಪ್ ತಂಡಗಳು ತಡವಾಗಿ ಎಚ್ಚೆತ್ತದ್ದಕ್ಕೆ ಇನ್ನೊಂದು ಕಾರಣ ಕಾಗದಪತ್ರದ್ದು. ಸಿವಿಇ-2023-4863ರ ಮೂಲ ವಿವರಣೆಯಲ್ಲಿ ಇದು ಕ್ರೋಮ್‌ನ ಲೋಪ ಎಂದಷ್ಟೇ ಇತ್ತು. ಲೋಪ ಹುಡುಕುವ ಸ್ಕ್ಯಾನರ್‌ಗಳು ಕ್ರೋಮ್ ಹುಡುಕಿದವು, ಸಿಕ್ಕಿದ್ದನ್ನು ತೋರಿಸಿದವು, ಸುಮ್ಮನಾದವು. ಲಿಬ್‌ವೆಬ್‌ಪಿ ಹೆಸರಿನಲ್ಲೇ ಸಿವಿಇ-2023-5129 ಎಂಬ ಹೊಸ ಸಂಖ್ಯೆಯನ್ನು ಗೂಗಲ್ ಸೆಪ್ಟೆಂಬರ್ 25ರಂದು ಪಡೆಯಿತು, ತೀವ್ರತೆ 10ಕ್ಕೆ 10. ಕೆಲವೇ ದಿನಗಳಲ್ಲಿ ಅದನ್ನು ಹಳೆಯದರ ನಕಲು ಎಂದು ತಿರಸ್ಕರಿಸಲಾಯಿತು, ಹಳೆಯದರ ವಿವರಣೆಗೆ ಲೈಬ್ರರಿಯ ಹೆಸರು ಸೇರಿತು. ಅಷ್ಟರಲ್ಲಿ ಎರಡು ವಾರ ಕಳೆದಿತ್ತು.

ವಿಂಡೋಸ್ ಈಗ ಹೋಗುತ್ತಿರುವ ದಾರಿ

ಡೆಸ್ಕ್‌ಟಾಪ್ ಎಂದರೆ ಬೋರ್‌ವೆಲ್ ಎಂಬ ಮಾತು ಈಗ ಪೂರ್ತಿ ಸರಿಯಲ್ಲ. ಮೈಕ್ರೋಸಾಫ್ಟ್ 2020ರಲ್ಲಿ ಬಳಕೆಗೆ ಬಿಟ್ಟ ವೆಬ್‌ವ್ಯೂ2 ಆಂಡ್ರಾಯ್ಡ್ ಮಾದರಿಯನ್ನೇ ವಿಂಡೋಸ್‌ಗೆ ತಂದಿದೆ. ಎಡ್ಜ್‌ನ ಎಂಜಿನ್, ಎಲ್ಲ ಆ್ಯಪ್‌ಗಳಿಗೂ ಹಂಚಿಕೆ, ತನ್ನಷ್ಟಕ್ಕೆ ಅಪ್‌ಡೇಟ್. ವಿಂಡೋಸ್ 11ರಲ್ಲಿ ಅದು ಮೊದಲೇ ಇರುತ್ತದೆ. ಬೇಡವೆಂದರೆ ‘ಫಿಕ್ಸೆಡ್ ವರ್ಷನ್’ ಎಂಬ ಆಯ್ಕೆಯೂ ಇದೆ: ಒಂದು ಆವೃತ್ತಿಯನ್ನು ಆ್ಯಪ್ ಜೊತೆ ಕಟ್ಟಿಕೊಳ್ಳಬಹುದು, ಆಗ ತೇಪೆಯ ಭಾರವೂ ಕಟ್ಟಿಕೊಂಡವರದೇ. ಎಲೆಕ್ಟ್ರಾನ್ ಬಿಟ್ಟು ವೆಬ್‌ವ್ಯೂ2 ಮೇಲೆ ಕಟ್ಟಿದ ವಿಂಡೋಸ್‌ನ ಹೊಸ ಟೀಮ್ಸ್ ಎಲ್ಲರಿಗೂ ಬಿಡುಗಡೆಯಾದದ್ದು 2023ರ ಅಕ್ಟೋಬರ್ 5ರಂದು, ಹಳೆಯ ಟೀಮ್ಸ್ ಹೆಸರಿದ್ದ ಆ ಭದ್ರತಾ ಪ್ರಕಟಣೆಯಾದ ಮೂರನೇ ದಿನ. ಬದಲಾವಣೆ ತಿಂಗಳುಗಳ ಹಿಂದೆಯೇ ಘೋಷಣೆಯಾಗಿತ್ತು, ಲೋಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಎಲೆಕ್ಟ್ರಾನ್‌ನ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: 22, 24, 25, 26. ನಡುವೆ 23 ಇಲ್ಲ. ಅದರ ಬೆಂಬಲದ ಅವಧಿ ಆಗಸ್ಟ್ 15ಕ್ಕೇ ಮುಗಿದಿತ್ತು. ಅದಕ್ಕಿಂತ ಹಳೆಯ 22ಕ್ಕೆ ಮಾತ್ರ ಅಕ್ಟೋಬರ್ 10ರವರೆಗೆ ಆಯಸ್ಸು ವಿಸ್ತರಣೆಯಾಗಿತ್ತು, ಏಕೆಂದರೆ ವಿಂಡೋಸ್ 7, 8 ಮತ್ತು 8.1ರಲ್ಲಿ ಓಡುವ ಕೊನೆಯ ಸಾಲು ಅದು. ಹಾಗಾಗಿ ಹಳೆಯ ವಿಂಡೋಸ್ 7 ಕಂಪ್ಯೂಟರಿಗಾಗಿ 22ರಲ್ಲೇ ನಿಂತ ತಂಡಕ್ಕೆ ತೇಪೆ ಸಿಕ್ಕಿತು. ಒಂದು ಮೆಟ್ಟಿಲು ಮೇಲೇರಿ 23ರಲ್ಲಿ ನಿಂತಿದ್ದ ತಂಡಕ್ಕೆ ಸಿಗಲಿಲ್ಲ, 24ಕ್ಕೆ ಹತ್ತಬೇಕಾಯಿತು.